ಕಬಡ್ಡಿಯಲ್ಲಿ ತಲೆಗೆ ಪೆಟ್ಟು, ನಾಳಿದ್ದು ಮ್ಯಾಚ್ ಆಡಿಸಬಹುದಾ?

ರೈಡರ್07: ತಮ್ಮಂಗೆ 16 ವರ್ಷ, ನಿನ್ನೆ ಪ್ರಾಕ್ಟೀಸಲ್ಲಿ ಇನ್ನೊಬ್ಬನ ಮಂಡಿ ತಲೆಗೆ ಬಡೀತು, ಪ್ರಜ್ಞೆ ತಪ್ಪಿಲ್ಲ ಆದ್ರೆ ಸ್ಕೋರ್ ಎಷ್ಟು ಅಂತ ಮೂರ್ಮೂರು ಸಲ ಕೇಳ್ದ, ಇವತ್ತು ಲೈಟ್ ನೋಡಿದ್ರೆ ತಲೆನೋವು ಅಂತಾನೆ. ಸಿಟಿ ಸ್ಕ್ಯಾನ್ ನಾರ್ಮಲ್. ಕೋಚ್ ಏನಾಗಲ್ಲ ಆಡ್ಲಿ ಅಂತಿದಾರೆ.

ಫಿಸಿಯೋ ಅಕ್ಕ: ಬೇಡವೇ ಬೇಡ. ಇದು ಕನ್‌ಕಶನ್ (ಪೆಟ್ಟಿಗೆ ಮೆದುಳು ಅಲುಗಾಡಿ ಸ್ವಲ್ಪ ದಿನ ಸರಿಯಾಗಿ ಕೆಲ್ಸ ಮಾಡದೇ ಇರೋದು) ಥರಾನೇ ಇದೆ, ಪ್ರಜ್ಞೆ ತಪ್ಪಲೇಬೇಕು ಅಂತೇನಿಲ್ಲ, ಸ್ಕ್ಯಾನು ರಕ್ತಸ್ರಾವ ಇದೆಯಾ ನೋಡೋಕಷ್ಟೆ, ಕನ್‌ಕಶನ್ ಅದ್ರಲ್ಲಿ ಸಾಮಾನ್ಯವಾಗಿ ಕಾಣಲ್ಲ. 24-48 ಗಂಟೆ ರೆಸ್ಟ್, ಮೊಬೈಲ್ ಕಮ್ಮಿ. ಹಂಗಂತ ಕತ್ತಲೆ ರೂಮಲ್ಲಿ ಮಲಗಿಸಿಬಿಡ್ಬೇಡಿ, ಸ್ವಲ್ಪ ಓಡಾಡ್ಲಿ. ಆಮೇಲೆ ಜಾಗಿಂಗು, ಡ್ರಿಲ್ಲು, ಒಂದೊಂದು ಹಂತಕ್ಕೆ ಕನಿಷ್ಠ ಒಂದು ದಿನ, ಟ್ಯಾಕಲ್ ಮಾತ್ರ ಡಾಕ್ಟರ್ ಓಕೆ ಅಂದ್ಮೇಲೇ. ಪದೇ ಪದೇ ವಾಂತಿ, ಫಿಟ್ಸ್, ತಲೆನೋವು ಜಾಸ್ತಿ ಆಗ್ತಾ ಹೋಗೋದು, ಎಬ್ಬಿಸಿದ್ರೂ ಏಳದಷ್ಟು ನಿದ್ದೆ, ಇದ್ರಲ್ಲಿ ಒಂದಾದ್ರೂ ಸೀದಾ ಎಮರ್ಜೆನ್ಸಿಗೆ.

ಗಲ್ಲಿ ಕ್ರಿಕೆಟಿಗ: 2020ರಲ್ಲಿ ಕ್ಯಾನ್ಬೆರಾ ಟಿ20ಲಿ ಜಡೇಜಾ ಹೆಲ್ಮೆಟ್ಟಿಗೆ ಬಾಲ್ ಬಿದ್ದಾಗ ಬದಲಿಗೆ ಚಾಹಲ್ ಬಂದು 3 ವಿಕೆಟ್ ತೆಗೆದ್ನಲ್ಲ, ಕೋಚ್‌ಗೆ ಅದನ್ನ ಹೇಳಿ. ನಮ್ ಕಬಡ್ಡೀಲಿ ಹೆಲ್ಮೆಟ್ಟೂ ಇಲ್ಲ!

ರೈಡರ್07: ಥ್ಯಾಂಕ್ಸ್ ಅಕ್ಕ. ಅವನು ಮುಖ ಊದಿಸ್ಕೊಂಡು ಕೂತಿದಾನೆ, ಕೂರ್ಲಿ.