ರಾಡಿ ಅಂದ್ರ ರಾಡಿ

ವಾಪಸ್ ಬರುವಾಗ ರೈಲಿನಲ್ಲಿ ನಾವು ನಾಲ್ವರೂ ಸೀಟಿನ ಮೇಲೆ ಪ್ಲಾಸ್ಟಿಕ್ ಚೀಲ ಹಾಸಿಕೊಂಡು ಕೂತಿದ್ದೆವು. ಇಂಗ್ಲೆಂಡಿನ ಈಡೇಲ್ ಎಂಬ ಹಳ್ಳಿಯಿಂದ ಮ್ಯಾಂಚೆಸ್ಟರಿಗೆ ಹೆಚ್ಚುಕಮ್ಮಿ ಮುಕ್ಕಾಲು ಗಂಟೆ. ಅಷ್ಟರೊಳಗೆ ಒಂದು ವಿಷಯ ತೀರ್ಮಾನವಾಗಲೇಬೇಕಿತ್ತು. ತೀರ್ಥಹಳ್ಳಿಯ ಬಲಗಾಲಿಗೆ ತೊಡೆಯವರೆಗೂ ಮೆತ್ತಿಕೊಂಡಿದ್ದ ಆ ಕರೀ ಪದಾರ್ಥಕ್ಕೆ ಕನ್ನಡದಲ್ಲಿ ಏನನ್ನಬೇಕು?

ನಮ್ಮ ಗುಂಪಿನಲ್ಲಿ ಹೆಸರು ಹಿಡಿದು ಕರೆಯುವ ಪದ್ಧತಿ ಇಲ್ಲ. ಊರೇ ಹೆಸರು. ತೀರ್ಥಹಳ್ಳಿ, ಧಾರವಾಡ, ಮೈಸೂರು, ನಾನು ತುಮಕೂರು. ಮೈಸೂರು ಡಾಕ್ಟರಮ್ಮ, ಹಾಗಾಗಿ ಅವಳಿಗೆ ಮಾತ್ರ ಕೊನೆಯಲ್ಲೊಂದು ‘ಮೇಡಂ’ ಸೇರುತ್ತದೆ.

"ಇದು ಹುದುಲು ಮಾರಾಯ. ಕಾಲಿಟ್ರೆ ಹೂತು ಹೋಗುತ್ತಲ್ಲ, ಅದು ಹುದುಲೇ," ಅಂದ ತೀರ್ಥಹಳ್ಳಿ. ಅನುಭವದ ಮಾತು.

"ರಾಡಿ ಅಂದ್ರ ರಾಡಿ. ಅದಕ್ಕ ಎರಡನೇ ಹೆಸರ ಯಾಕ ಬೇಕಪಾ?" ಅಂದ ಧಾರವಾಡ.

ಮೈಸೂರು ಮೇಡಂ ‘ಕೊಚ್ಚೆ’ ಅಂದು ಮುಗಿಸಿಬಿಟ್ಟಳು. ನನ್ನನ್ನು ಯಾರೂ ಕೇಳಲಿಲ್ಲ. ನಮ್ಮ ಕಡೆ ಮಳೆ ಬಂದರೆ ತಾನೇ ಕೆಸರು!

ನಾವು ಹೋಗಿದ್ದು ಕಿಂಡರ್ ಸ್ಕೌಟ್‌ಗೆ. ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಅದೇ ಎತ್ತರದ ಜಾಗ, 636 ಮೀಟರ್. ಶಿಖರ ಅಂತ ಹುಡುಕಬೇಡಿ, ಸಿಗುವುದಿಲ್ಲ. ಮೇಲೆ ಹತ್ತಿದರೆ ಮೈಲಿಗಟ್ಟಲೆ ಚಪ್ಪಟೆ ಬಯಲು. ಆಗಸ್ಟಿನಲ್ಲಿ ಹೆದರ್ ಎಂಬ ಕುರುಚಲು ಗಿಡ ಹೂಬಿಟ್ಟು ನೇರಳೆಯಾಗಿರುತ್ತದಂತೆ. ನಾವು ಹೋಗಿದ್ದು ಅಕ್ಟೋಬರ್. ಎಲ್ಲವೂ ಹಳೇ ಗೋಣಿಚೀಲದ ಬಣ್ಣ.

ಜೇಕಬ್ಸ್ ಲ್ಯಾಡರ್ ಮೆಟ್ಟಿಲು ಹತ್ತುವವರೆಗೆ ಎಲ್ಲ ಸರಿ ಇತ್ತು. ಕಿಂಡರ್ ಡೌನ್‌ಫಾಲ್ ಎಂಬ 30 ಮೀಟರಿನ ಜಲಪಾತ ಬಂತು. ಪಡುವಣ ಗಾಳಿ ಜೋರಾಗಿದ್ದರೆ ಇದರ ನೀರು ಕೆಳಗೆ ಬೀಳುವ ಬದಲು ಮೇಲಕ್ಕೇ ಹಾರುತ್ತದೆ. ಅವತ್ತು ಜೋರಾಗಿತ್ತು. ಜೋಗಕ್ಕೆ ಹೋದರೆ ಜಲಪಾತವನ್ನು ನಾವು ನೋಡುತ್ತೇವೆ. ಇಲ್ಲಿ ಅದೇ ನಮ್ಮನ್ನು ನೋಡಲು ಮೇಲೆ ಬಂತು. ಮೇಡಂ ಚಿತ್ರಾನ್ನದ ಡಬ್ಬಿ ತೆಗೆದಿದ್ದೂ ಅದೇ ಗಳಿಗೆಯಲ್ಲಿ. ಕಡಲೇಬೀಜ ಮೊದಲು ಹಾರಿತು. ಉಳಿದಿದ್ದು ಅನ್ನದ ಗಂಜಿ.

ಆಮೇಲೆ ತೀರ್ಥಹಳ್ಳಿಗೆ ಒಂದು ಒಳದಾರಿ ಹೊಳೆಯಿತು. ಬಂದ ದಾರಿಯಲ್ಲಿ ವಾಪಸ್ ಹೋಗುವುದು ಬೇಡ, ಬಯಲನ್ನು ಅಡ್ಡ ದಾಟಿದರೆ ಈಡೇಲ್ ಇಲ್ಲೇ ಅಂತ. "ಆಗುಂಬೆ ಮಳೆ ನೋಡಿದವನು ನಾನು. ಗದ್ದೆಯಲ್ಲೇ ಹುಟ್ಟಿ ಬೆಳೆದವನು. ಹಿಂದೆ ಬನ್ನಿ," ಅಂದ. ನಾವು ಹೋದೆವು. ಇದರಲ್ಲಿ ನಮ್ಮ ತಪ್ಪೂ ಇದೆ, ಅಲ್ವಾ?

ಗದ್ದೆ ಬೇರೆ, ಇದು ಬೇರೆ ಅಂತ ಆಗ ಯಾರಿಗೆ ಗೊತ್ತಿತ್ತು! ಗದ್ದೆಯಲ್ಲಿ ಕೆಸರು ಎಷ್ಟೇ ಇರಲಿ, ಉತ್ತು ತುಳಿದು ಅಡಿಯಲ್ಲೊಂದು ಗಟ್ಟಿ ನೆಲ ಆಗಿರುತ್ತದೆ. ಕಾಲು ಅಲ್ಲಿ ನಿಲ್ಲುತ್ತದೆ. ಇಲ್ಲಿರುವುದು ಪೀಟ್. ಪಾಚಿ, ಹುಲ್ಲು ಎಲ್ಲ ಸತ್ತು ನೀರಿನಡಿ ಸೇರುತ್ತವೆ. ಗಾಳಿಯಿಲ್ಲ, ನೀರೂ ಹುಳಿ. ಹಾಗಾಗಿ ಪೂರ್ತಿ ಕೊಳೆಯುವುದೇ ಇಲ್ಲ. ಸುಮ್ನೆ ಪದರದ ಮೇಲೆ ಪದರ ಕೂರುತ್ತದೆ. ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಕೆಲವು ಕಡೆ ಎರಡು ಮೀಟರಿಗೂ ಜಾಸ್ತಿ ಆಳ.

ಇದನ್ನು ನಾನು ಫೋನಿನಲ್ಲಿ ಓದಿ ಹೇಳುತ್ತಿದ್ದಾಗಲೇ ‘ಬಳಕ್’ ಅಂತ ಸದ್ದಾಯಿತು. ತಿರುಗಿ ನೋಡಿದರೆ ತೀರ್ಥಹಳ್ಳಿ ಗಿಡ್ಡವಾಗಿದ್ದ.

"ಮೊಣಕಾಲವರೆಗೆ ಅಂದ್ರ ಎಷ್ಟ?" ಕೇಳಿದ ಧಾರವಾಡ.

"ಅರ್ಧ ಮೀಟರ್. ಐನೂರು ವರ್ಷ," ಅಂದೆ.

"ಅಂದ್ರ ಕೃಷ್ಣದೇವರಾಯನ ಕಾಲದಾಗ ನಿಂತಾನ."

ತೀರ್ಥಹಳ್ಳಿ ಕಾಲು ಕಿತ್ತುಕೊಳ್ಳಲು ಹೋಗಿ ಇನ್ನಷ್ಟು ಇಳಿದ. ತೊಡೆ ಮುಟ್ಟಿತು. ಹೊಯ್ಸಳರು ಬಂದರು.

"ಬೆಲ್ಟಿನವರೆಗೆ ಹೋದ್ರೆ ಸಾವಿರ ವರ್ಷ. ಚಾವುಂಡರಾಯನನ್ನ ಕೇಳಿದೆ ಅಂತ ಹೇಳು," ಅಂದಳು ಮೇಡಂ. ಹಾಗೆಂದವಳೇ ಡಾಕ್ಟರ್ ದನಿಗೆ ಬಂದು, "ಒದ್ದಾಡಬೇಡ. ಹಿಂದಕ್ಕೆ ಒರಗಿ ಮಲಗು. ಭಾರ ಹರಡಿದ್ರೆ ಕಾಲು ನಿಧಾನಕ್ಕೆ ಬರುತ್ತೆ," ಅಂದಳು.

"ಮಲಗೋಕ್ಕಾಗಲ್ಲ, ಜಾಕೆಟ್ ಹೊಸದು."

ಕೊನೆಗೆ ಮಲಗಿದ. ಕಾಲು ಬಂತು. ಶೂ ಬರಲಿಲ್ಲ. ಅವನು ಭುಜದವರೆಗೆ ಕೈಹಾಕಿ ಹುಡುಕುತ್ತಿದ್ದರೆ, ನಮ್ಮೂರಲ್ಲಿ ಎಮ್ಮೆ ಕರು ಹಾಕುವಾಗ ಡಾಕ್ಟರು ಬಂದ ಹಾಗೇ ಇತ್ತು. ಶೂ ಹೊರಬಂದಾಗ ನಾವು ನಿಜವಾಗಿಯೂ ಚಪ್ಪಾಳೆ ತಟ್ಟಿದೆವು.

ಅದೇ ಹೊತ್ತಿಗೆ ಹೆದರ್ ಪೊದೆಯಿಂದ ಗ್ರೌಸ್ ಹಕ್ಕಿಯೊಂದು ಎದ್ದು ಹಾರಿತು. ಅದರ ಕೂಗು ಥೇಟ್ ‘ಗೋ ಬ್ಯಾಕ್, ಗೋ ಬ್ಯಾಕ್’. ಇಲ್ಲಿನವರೇ ಹಾಗನ್ನುತ್ತಾರೆ.

"1928ರಾಗ ನಾವು ಸೈಮನ್‌ಗ ಅಂದಿದ್ವಿ. ಈಗ ಇವರ ಹಕ್ಕಿ ನಮಗ ಅನ್ನಾಕತ್ತೈತಿ. ಲೆಕ್ಕ ಚುಕ್ತಾ," ಅಂದ ಧಾರವಾಡ.

ರೈಲಿನಲ್ಲಿ ಮಾತು ಈ ಹಕ್ಕಿಯ ಮೇಲೇ ತಿರುಗಿತು. ಇದರ ಬೇಟೆಗಾಗಿ ಜಮೀನ್ದಾರರು ಇಡೀ ಗುಡ್ಡವನ್ನೇ ಮುಚ್ಚಿಟ್ಟಿದ್ದರು. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಎಂಬ 20ರ ಹುಡುಗನ ಜೊತೆ ನೂರಾರು ಜನ, ಬಹಳಷ್ಟು ಮ್ಯಾಂಚೆಸ್ಟರಿನ ಕೆಲಸಗಾರರು, ಬೇಕಂತಲೇ ಇಲ್ಲಿಗೆ ನುಗ್ಗಿದರು. ಕಾವಲುಗಾರರ ಜೊತೆ ಕೈಕೈ ಮಿಲಾಯಿಸಿತು. ಐದು ಜನಕ್ಕೆ ಜೈಲಾಯಿತು.

"ಈ ಕೊಚ್ಚೆ ತುಳಿಯೋದಕ್ಕೆ ಜೈಲಿಗೆ ಹೋದ್ರಾ?" ಮೇಡಂಗೆ ನಂಬಿಕೆಯೇ ಬರಲಿಲ್ಲ.

"ಇವನು ಬಿಟ್ಟಿ ತುಳಿದು ಗೊಣಗ್ತಿದಾನೆ ನೋಡಿ," ಅಂದೆ.

ಈಗ ಇನ್ನೊಂದು ತಮಾಷೆ. ಬೋಳಾದ ಕಡೆ ಸ್ಫ್ಯಾಗ್ನಮ್ ಪಾಚಿಯನ್ನು ಕೈಯಾರೆ ನೆಟ್ಟು, ಕೊರಕಲುಗಳಿಗೆ ಅಡ್ಡಗಟ್ಟಿ, ಈ ಜೌಗನ್ನು ಮತ್ತೆ ಬೆಳೆಸುತ್ತಿದ್ದಾರೆ. ಒಣಗಿದರೆ ಪೀಟ್‌ನಲ್ಲಿರುವ ಇಂಗಾಲ ಗಾಳಿಗೆ ಸೇರುತ್ತದೆ, ಅದಕ್ಕೆ. ಆ ಪಾಚಿ ತನ್ನ ತೂಕದ 20 ಪಟ್ಟು ನೀರು ಹಿಡಿಯುತ್ತದೆ ಅಂದೆ. ಧಾರವಾಡ ತೀರ್ಥಹಳ್ಳಿಯ ಸಾಕ್ಸ್ ನೋಡಿ, "ಇದೂ ಅದ ಜಾತಿ," ಅಂದ.

ಅವನಿಗೆ ಅವತ್ತು ಬೇರೆಯೇ ಖುಷಿ. ಈಡೇಲಿನಿಂದ ಹೊರಡುವ ಪೆನ್ನೈನ್ ವೇ ಕಾಲ್ದಾರಿಯ ಜೌಗಿನ ಕಡೆಗಳಲ್ಲಿ ಹಾಸಿದ ಎಷ್ಟೋ ಚಪ್ಪಡಿಗಳು ಮುಚ್ಚಿಹೋದ ಬಟ್ಟೆ ಗಿರಣಿಗಳಿಂದ ಕಿತ್ತು ತಂದವು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧವಾಗಿ ಅಲ್ಲಿನ ಹತ್ತಿ ನಿಂತಾಗ, ಬಟ್ಟೆ ಗಿರಣಿಗಳ ನಾಡಾದ ಲ್ಯಾಂಕಾಷೈರಿನ ಕಣ್ಣು ಧಾರವಾಡದ ಹತ್ತಿಯ ಮೇಲೂ ಬಿದ್ದಿತ್ತು.

"ಹಂಗಾದ್ರ ಆ ಕಲ್ಲ ನಮ್ಮ ರೊಕ್ಕದಾಗ ಹಾಸಿದ್ದು. ನಾ ಎಲ್ಲರೆ ಹಾದಿ ಬಿಟ್ಟೆನೇನ? ನಮ್ಮ ಕಲ್ಲಿನ ಮ್ಯಾಲೆ ನಡದಿದ್ರ ಈ ಹೊಯ್ಸಳರ ಪಂಚಾಯ್ತಿ ಇರ್ತಿರಲಿಲ್ಲ!"

ಒಳದಾರಿಯಲ್ಲಿ ಅವನೂ ನಮ್ಮ ಜೊತೆಯೇ ಬಂದಿದ್ದ. ಯಾರೂ ನೆನಪಿಸಲಿಲ್ಲ.

ಅಷ್ಟರಲ್ಲಿ ತೀರ್ಥಹಳ್ಳಿಗೆ ಊರಿನಿಂದ ವಿಡಿಯೋ ಕಾಲ್. ಅಲ್ಲಿ ರಾತ್ರಿ ಒಂಬತ್ತೂವರೆ. ಮುಖ ಮಾತ್ರ ತೋರಿಸಲು ಅವನು ಬಹಳ ಕಷ್ಟಪಟ್ಟ. ಧಾರವಾಡ ಫೋನನ್ನು ಮೆಲ್ಲಗೆ ಕೆಳಕ್ಕೆ ಬಗ್ಗಿಸಿದ.

ಎರಡು ಕ್ಷಣ ಅಮ್ಮ ಮಾತಾಡಲಿಲ್ಲ.

"ನಾಟಿಗೆ ಬಾರೋ ಅಂದ್ರೆ ರಜೆ ಇಲ್ಲ ಅಂದೆ. ಅಲ್ಲಿ ಯಾರ ಗದ್ದೆಗೆ ಇಳಿದಿದೀಯ?"