ಅಪ್ಪ-ಅಮ್ಮನ ಜೊತೆ ಬೆಟ್ಟದ ಕೋಟೆ: ಮಧುಗಿರಿನಾ, ಚಿತ್ರದುರ್ಗನಾ, ಕವಲೇದುರ್ಗನಾ?

ರಾಜಾಜಿನಗರದಿಂದ ಪ್ರಶ್ನೆ:

ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ಮನೆಯವರೆಲ್ಲ ಸೇರಿ ಹಳೇ ಕಾಲದ ಬೆಟ್ಟದ ಕೋಟೆ ಯಾವುದಾದರೂ ನೋಡಿ ಬರೋಣ ಅಂತಿದ್ದೇವೆ. ಅಪ್ಪನಿಗೆ 66, ದಿನಾ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾರೆ. ಅಮ್ಮನಿಗೆ ಮಂಡಿನೋವು. ಮಗಳು ಮೂರನೇ ಕ್ಲಾಸು, ಅವಳನ್ನು ಹಿಡಿದು ನಿಲ್ಲಿಸುವುದೇ ಕಷ್ಟ. ಹತ್ತಿರ ಇದೆ ಅಂತ ನಾನು ಮಧುಗಿರಿ ಹೇಳಿದೆ, ಹೆಂಡತಿ ಚಿತ್ರದುರ್ಗ ಅಂತಾಳೆ, ಭಾವಮೈದ ಮಾತ್ರ ಹೋದರೆ ಕವಲೇದುರ್ಗಕ್ಕೇ ಅಂತ ಹಟ ಹಿಡಿದಿದ್ದಾನೆ. ವಿಡಿಯೋದಲ್ಲಿ ನೋಡಿದರೆ ಮೂರೂ ಸುಲಭವಾಗೇ ಕಾಣುತ್ತವೆ. ಹೋಗಿ ಬಂದವರು ದಯವಿಟ್ಟು ಹೇಳಿ.

ಯಲಹಂಕದಿಂದ:

ಸರ್, ಮಧುಗಿರಿಯನ್ನು ಈ ಪಟ್ಟಿಯಿಂದ ಈಗಲೇ ತೆಗೆದುಬಿಡಿ. ನನಗೆ ತುಂಬಾ ಇಷ್ಟವಾದ ಬೆಟ್ಟ ಅದು, ಆದರೂ ಹೇಳುತ್ತಿದ್ದೇನೆ. ದೂರ ಸುಮಾರು 100 ಕಿ.ಮೀ., ದಾಬಸ್‌ಪೇಟೆ ಹತ್ತಿರ ತಿರುಗಿ ಕೊರಟಗೆರೆ ಮೇಲೆ ಹೋದರೆ ಬೆಳಗಿನ ತಿಂಡಿ ಹೊತ್ತಿಗೆ ಅಲ್ಲಿರುತ್ತೀರಿ, ಅದೆಲ್ಲ ಸರಿ. 3,930 ಅಡಿ ಅಂತ ಓದಿ ಹೆದರಬೇಡಿ, ಅದು ಸಮುದ್ರಮಟ್ಟದಿಂದ ಲೆಕ್ಕ, ಊರೇ 2,500 ಅಡಿ ಮೇಲಿದೆ. ತೊಂದರೆ ಎತ್ತರದ್ದಲ್ಲ. ಇಡೀ ಬೆಟ್ಟ ಒಂದೇ ಬಂಡೆ. ಕೆಳಗೆ ಒಂದಷ್ಟು ದೂರ ಚೆನ್ನಾಗಿ ಮೆಟ್ಟಿಲಿವೆ, ಬಾಗಿಲುಗಳಿವೆ, ಗೋಡೆ ಇದೆ, ಅಲ್ಲಿಯವರೆಗೆ ಯಾರು ಬೇಕಾದರೂ ಹತ್ತಬಹುದು. ಆಮೇಲೆ ಬಂಡೆಗೆ ಕೊರೆದ ಸಣ್ಣ ಕಚ್ಚುಗಳೇ ಮೆಟ್ಟಿಲು, ಕೆಲವು ಕಡೆ ಅರ್ಧ ಪಾದ ಮಾತ್ರ ಕೂರುತ್ತದೆ, ಪಕ್ಕದಲ್ಲಿ ಕಬ್ಬಿಣದ ಸರಳು ಹಿಡಿದುಕೊಂಡು ಹೋಗಬೇಕು. ಹತ್ತುವಾಗ ಮುಖ ಬಂಡೆ ಕಡೆಗಿರುತ್ತದೆ, ಏನೂ ಅನಿಸುವುದಿಲ್ಲ. ಇಳಿಯುವಾಗ ಎದುರಿಗೆ ಪೂರ್ತಿ ಊರು, ಕೆಳಗೆ ನುಣ್ಣನೆ ಇಳಿಜಾರು. ಜಿಮ್ಮಿಗೆ ಹೋಗುವ ಹುಡುಗರೇ ಅಲ್ಲಿ ಕೂತು ತೆವಳಿಕೊಂಡು ಇಳಿಯುವುದನ್ನು ನೋಡಿದ್ದೇನೆ. ಮಂಡಿನೋವಿನ ಅಮ್ಮ, ನಿಲ್ಲದ ಮಗು, ಇಬ್ಬರೂ ಬೇಡ.

ಮೇಲೆ ಪಾಳುಬಿದ್ದ ಗೋಪಾಲಕೃಷ್ಣ ಗುಡಿ, ಕೋಟೆಯ ಒಂದಷ್ಟು ಗೋಡೆಗಳು, ಗಾಳಿ. ಅಷ್ಟೇ. ಅರ್ಧಕ್ಕೆ ನಿಂತರೆ ಅದೂ ಇಲ್ಲ. ಅಪ್ಪನಿಗೆ ಆಸೆ ಇದ್ದರೆ ನೀವಿಬ್ಬರೇ ಇನ್ನೊಂದು ದಿನ ಬೆಳಿಗ್ಗೆ ಬೇಗ ಹೋಗಿ. ಹನ್ನೊಂದು ದಾಟಿದರೆ ಬಂಡೆ ಕಾಯುತ್ತದೆ, ದಾರಿಯಲ್ಲಿ ಒಂದು ಮರದ ನೆರಳೂ ಸಿಗುವುದಿಲ್ಲ. ಹಿಂದಿನ ರಾತ್ರಿ ಮಳೆ ಬಂದಿದ್ದರೆ ಹತ್ತಲೇಬೇಡಿ.

ಬಸವನಗುಡಿಯಿಂದ:

ಮೇಲಿನವರು ಹೇಳಿದ ಅರ್ಧದ ಮಾತೇ ಮುಖ್ಯ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ನಾನು ಕೇಳಿಕೊಳ್ಳುವುದು ಒಂದೇ: ಅರ್ಧಕ್ಕೆ ಸಾಕು ಅಂದರೆ ಅವರು ಏನಾದರೂ ನೋಡಿದ ಹಾಗಾಗುತ್ತಾ? ಈ ಲೆಕ್ಕದಲ್ಲಿ ನಿಮ್ಮ ಮನೆಯವರು ಹೇಳಿದ್ದೇ ಸರಿ, ಚಿತ್ರದುರ್ಗ. 200 ಕಿ.ಮೀ., ಪೂರ್ತಿ ಹೈವೇ.

ಅಲ್ಲಿ ನೋಡುವುದು ಮೊದಲ ಬಾಗಿಲಿಂದಲೇ ಶುರು. ಗೋಡೆ ಮೇಲೆ ಹಾವಿನ ಕೆತ್ತನೆ ಇದೆ, ಮಗಳಿಗೆ ಹುಡುಕಲು ಹೇಳಿ. ಬಾಗಿಲು ದಾಟಿದ ತಕ್ಷಣ ದಾರಿ ನೇರ ಹೋಗುವುದಿಲ್ಲ, ಗಕ್ಕನೆ ತಿರುಗುತ್ತದೆ, ಮುಂದಿನ ಬಾಗಿಲಲ್ಲೂ ಅದೇ ಕಥೆ. ಸುಮ್ನೆ ಹಾಗೆ ಕಟ್ಟಿದ್ದಲ್ಲ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಬೇಕಾದರೆ ಎದುರಿಗೆ ಉದ್ದಕ್ಕೆ ಜಾಗ ಬೇಕು, ದಿಮ್ಮಿ ಹೊತ್ತು ನುಗ್ಗುವ ಸೈನಿಕರಿಗೂ ಬೇಕು, ಆ ಜಾಗವನ್ನೇ ಕೊಟ್ಟಿಲ್ಲ. ತಿರುವಿನಲ್ಲಿ ನಿಂತು ತಲೆ ಎತ್ತಿ ನೋಡಿ, ಮೂರೂ ಕಡೆ ಗೋಡೆ, ಮೇಲಿಂದ ಏನು ಸುರಿದರೂ ನಮ್ಮ ತಲೆ ಮೇಲೇ. ಅಪ್ಪನಿಗೆ ಇದನ್ನು ಹೇಳಿದರೆ ಅಲ್ಲೇ ಅರ್ಧ ಗಂಟೆ ನಿಲ್ಲುತ್ತಾರೆ, ನಮ್ಮ ಮಾವ ನಿಂತಿದ್ದರು.

ಇನ್ನೊಂದು, ಮದ್ದು ಬೀಸುವ ಕಲ್ಲು ಬಿಡಬೇಡಿ. ನೆಲದಲ್ಲಿ ತೋಡಿದ ದುಂಡನೆ ಗುಂಡಿ, ಒಳಗೆ ಆಳೆತ್ತರದ ಬೀಸುವ ಕಲ್ಲುಗಳು, ತೋಪಿನ ಮದ್ದು ಅರೆಯುತ್ತಿದ್ದ ಜಾಗ. ಜನ ಓಬವ್ವನ ಕಿಂಡಿಗೆ ಓಡುವ ಆತುರದಲ್ಲಿ ಇದನ್ನು ನೋಡುವುದೇ ಇಲ್ಲ. ಕಿಂಡಿಗೂ ಹೋಗಿ, ಮಗಳು ನುಸುಳಿ ಬರಲಿ, ಅಮ್ಮ ಹೊರಗೆ ಕೂತಿರಲಿ. ಹೈದರಾಲಿಯ ಕೈಗೆ ಕೋಟೆ ಸಿಕ್ಕಿದ್ದು 1779ರಲ್ಲಿ, ಅದಕ್ಕೆ ಮೊದಲು ಎಷ್ಟು ಮುತ್ತಿಗೆ ತಡೆದುಕೊಂಡಿತ್ತು ಅನ್ನುವುದು ಆ ಕಿಂಡಿ ಎದುರು ನಿಂತರೆ ಗೊತ್ತಾಗುತ್ತದೆ.

ಅಲ್ಲಿಂದ ಮೇಲೆ ಏಕನಾಥೇಶ್ವರಿ, ಹಿಡಿಂಬೇಶ್ವರ ಗುಡಿಗಳು, ಆಮೇಲೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ. ಮೇಲಿನ ಹೊಂಡ ತುಂಬಿ ಕೆಳಗಿನದಕ್ಕೆ ಹರಿಯುವ ಹಾಗೆ ಮಾಡಿದ್ದಾರೆ, ಕೊನೆಗೆ ಊರೊಳಗಿನ ಸಂತೆ ಹೊಂಡದವರೆಗೂ. ಇಲ್ಲಿ ಟ್ಯಾಂಕರ್‌ಗೆ ಕಾಯುವ ನಮಗೆ ಹೊಟ್ಟೆ ಉರಿಯುತ್ತದೆ. ಅಮ್ಮನಿಗೆ ಇಷ್ಟು ದೂರ ಆಗದಿದ್ದರೆ ಬಾಗಿಲುಗಳು ಮುಗಿದ ಕಡೆ ಕೂರಿಸಿ, ಜೊತೆಗೆ ಒಬ್ಬರು ಇರಿ. ಗೈಡ್ ಬೇಕಾ ಅಂದರೆ, ಹೌದು, ತೆಗೆದುಕೊಳ್ಳಿ, ದುಡ್ಡು ಮೊದಲೇ ಮಾತಾಡಿ.

ಮತ್ತಿಕೆರೆಯಿಂದ (ಊರು ತೀರ್ಥಹಳ್ಳಿ ಕಡೆ):

ಭಾವಮೈದನ ಪರವಾಗಿ ಒಂದು ಓಟು. ಕವಲೇದುರ್ಗದ ಮುಂದೆ ಚಿತ್ರದುರ್ಗದಲ್ಲಿ ಜನಜಂಗುಳಿ ಜಾಸ್ತಿ ಅನಿಸುತ್ತದೆ. ಗದ್ದೆ ಬದಿಯಿಂದ ಶುರುವಾಗಿ ಕಾಡೊಳಗೆ ಕಲ್ಲು ಹಾಸಿದ ದಾರಿ, ಒಂದರ ಒಳಗೊಂದು ಮೂರು ಸುತ್ತಿನ ಕೋಟೆ, ಪ್ರತಿ ಬಾಗಿಲಿನ ಎರಡೂ ಕಡೆ ಕಾವಲಿನವರು ಕೂರುತ್ತಿದ್ದ ಜಗಲಿ. ಒಳಗೆ ಕಾಶಿ ವಿಶ್ವನಾಥ ದೇವಸ್ಥಾನ, ಕೆಳದಿ ನಾಯಕರ ಅರಮನೆಯ ಅಡಿಪಾಯ. ಛಾವಣಿ ಹೋಗಿ ಎಷ್ಟೋ ಕಾಲವಾಗಿದೆ, ಆದರೆ ಅಡುಗೆಮನೆಯ ಕಲ್ಲಿನ ಒಲೆ ಇನ್ನೂ ಇದೆ, ನೀರು ಹೋಗುವ ಕಲ್ಲಿನ ಕಾಲುವೆಯೂ ಇದೆ. ನಮ್ಮಮ್ಮ ಗುಡಿಗಿಂತ ಜಾಸ್ತಿ ಹೊತ್ತು ಆ ಒಲೆ ಮುಂದೆ ನಿಂತು ಲೆಕ್ಕ ಹಾಕಿದ್ದಾರೆ, ಯಾವ ಪಾತ್ರೆ ಎಲ್ಲಿ ಇಡುತ್ತಿದ್ದರು ಅಂತ.

ಆದರೆ ಸುತ್ತುಬಳಸಿನ ಮಾತು ಬೇಡ, ನೇರ ಹೇಳುತ್ತೇನೆ. ಹಾಸುಗಲ್ಲು ಸಮ ಇಲ್ಲ. ಮಂಡಿಗೆ ಏರುವುದಕ್ಕಿಂತ ಆ ಏರುಪೇರೇ ಕಷ್ಟ. ಬೆಂಗಳೂರಿಂದ 300 ಕಿ.ಮೀ. ಮೀರುತ್ತದೆ, ಒಂದೇ ದಿನದಲ್ಲಿ ಆಗದು, ತೀರ್ಥಹಳ್ಳಿಯಲ್ಲಿ ಉಳಿಯಬೇಕು. ಮಳೆಗಾಲದಲ್ಲಿ ಪಾಚಿ, ಮೇಲೆ ಉಂಬಳ (ಜಿಗಣೆ) ಬೇರೆ. ನೀವು ಡಿಸೆಂಬರ್ ಅಂದಿದ್ದರಿಂದ ಅದೆರಡೂ ತಪ್ಪಿತು. ಹೋಗುವುದಾದರೆ ಅಮ್ಮನಿಗೆ ಹೊಸನಗರ ತಾಲ್ಲೂಕಿನ ‘ನಗರ’ ಅನ್ನುವ ಊರಿನ ಕೋಟೆ ಸಾಕು, ರಸ್ತೆ ಪಕ್ಕದಲ್ಲೇ ಇದೆ, ಅದೂ ಕೆಳದಿಯವರದೇ. ಕುಂದಾದ್ರಿ ಬೆಟ್ಟಕ್ಕೂ ಗಾಡಿ ಹೆಚ್ಚುಕಡಿಮೆ ತುದಿವರೆಗೆ ಹೋಗುತ್ತದೆ.

ಬನಶಂಕರಿಯಿಂದ:

ಸಕಲೇಶಪುರದ ಮಂಜರಾಬಾದ್ ಯಾರೂ ಹೇಳಲಿಲ್ಲವಲ್ಲ! ಸುಮಾರು 250 ಮೆಟ್ಟಿಲು, ಸಮವಾಗಿವೆ. ಎಂಟು ಮೂಲೆಯ ನಕ್ಷತ್ರದ ಆಕಾರ. ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಹಾಗಾಗಿ ಅಷ್ಟೇನೂ ಹಳೇದಲ್ಲ.

ರಾಜಾಜಿನಗರದಿಂದ:

ಎಲ್ಲರಿಗೂ ಥ್ಯಾಂಕ್ಸ್. ಚಿತ್ರದುರ್ಗ ಅಂತ ಆಯಿತು, ಮನೆಯಲ್ಲಿ ಈ ವಿಷಯ ನಾಲ್ಕು ದಿನ ಕೇಳಬೇಕಾಗುತ್ತದೆ. ಒಂದು ಡೌಟು. ಒಂದೇ ದಿನದಲ್ಲಿ ಹೋಗಿ ಬರಬಹುದಾ, ಉಳಿಯಬೇಕಾ?

ಬಸವನಗುಡಿಯಿಂದ:

ಹೋಗಿ ಬರಬಹುದು, ಆದರೆ ನೀವು ಉಳಿಯಿರಿ. ಮಧ್ಯಾಹ್ನ ತಲುಪಿ ಊಟ ಮಾಡಿ ಮಲಗಿ, ಸಂಜೆ ಚಂದ್ರವಳ್ಳಿ ಕೆರೆ ಹತ್ತಿರ ಹೋಗಿ, ಅಮ್ಮನಿಗೆ ಅಲ್ಲಿ ಹತ್ತುವ ಗೋಜಿಲ್ಲ. ಕದಂಬರ ಮಯೂರಶರ್ಮನ ಶಾಸನ ಇರುವುದೂ ಅಲ್ಲೇ. ಅಲ್ಲಿನ ಗುಹೆ ಒಳಗೆ ಕತ್ತಲೆ, ಟಾರ್ಚ್ ಇರಲಿ. ಕೋಟೆಗೆ ಮರುದಿನ ಬೆಳಿಗ್ಗೆ ಬಾಗಿಲು ತೆಗೆದ ಹೊತ್ತಿಗೇ ಹೋಗಿ, ಶಾಲೆ ಬಸ್ಸುಗಳು ಬರುವುದರೊಳಗೆ ಅರ್ಧ ಮುಗಿಯುತ್ತದೆ. ನೀರು ಜಾಸ್ತಿ ಇಟ್ಟುಕೊಳ್ಳಿ. ತಿಂಡಿ ಮಾತ್ರ ಕೈಚೀಲದಲ್ಲಿ ಬೇಡ, ಬ್ಯಾಗಿನೊಳಗೆ ಜಿಪ್ ಹಾಕಿ ಇಡಿ, ಅಲ್ಲಿನ ಕೋತಿಗಳಿಗೆ ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಸಾಕು.