ಅಪ್‌ಡೇಟ್: ಮೆಣಸಿನಕಾಯಿ ದರ ಈಗ ಜೆಸಾನ್‌ನಲ್ಲೇ ಬರುತ್ತಿದೆ

ಬ್ಯಾಡಗಿ ಮಾರುಕಟ್ಟೆಯ ಕಡ್ಡಿ, ಡಬ್ಬಿ ತಳಿಯ ಮೆಣಸಿನಕಾಯಿ ದರ ನಮ್ಮೂರ ರೈತರ ಮೊಬೈಲ್‌ಗೆ ಸಿಗಲಿ ಅಂತ ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಆದ ಫ್ಲಾಸ್ಕ್‌ನಲ್ಲಿ ಸಣ್ಣ ಆ್ಯಪ್ ಮಾಡುತ್ತಿದ್ದೇನೆ. ದರದ ಪಟ್ಟಿಯನ್ನು ಜೆಸಾನ್ (ಪ್ರೋಗ್ರಾಂಗಳು ಮಾಹಿತಿ ಹಂಚಿಕೊಳ್ಳುವ ಪಠ್ಯ ರೂಪ) ಆಗಿ ಕಳಿಸುವುದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಧನ್ಯವಾದ.

ಡಿಕ್ಷನರಿಯನ್ನು (ಹೆಸರು-ಮೌಲ್ಯಗಳ ಜೋಡಿ ಇಡುವ ಪೈಥಾನ್ ರಚನೆ) ಹಾಗೇ ರಿಟರ್ನ್ ಮಾಡಿ ಅಂದಿದ್ದಿರಿ. ಅಷ್ಟೇ ಸಾಕಾಯಿತು. ಫ್ಲಾಸ್ಕ್ 1.1ರಿಂದ ಡಿಕ್ಷನರಿಗೆ, 2.2ರಿಂದ ಲಿಸ್ಟ್‌ಗೂ ಇದು ನಡೆಯುತ್ತದೆ. ಕಳಿಸುತ್ತಿರುವುದು ಜೆಸಾನ್ ಅಂತ ಹೇಳುವ ಕಂಟೆಂಟ್ ಟೈಪ್ ತಾನಾಗಿಯೇ ಸರಿಹೋಗುತ್ತದೆ. ಹಳೆಯ ಆವೃತ್ತಿ ಇದ್ದರೆ ಫ್ಲಾಸ್ಕ್‌ನ ಜೆಸಾನಿಫೈ ಫಂಕ್ಷನ್ ಬಳಸಿ.

ಜಾಸ್ತಿ ಹೊತ್ತು ಹಿಡಿದದ್ದು ಕನ್ನಡ. ಕರ್ಲ್‌ನಲ್ಲಿ (ಸರ್ವರ್ ಉತ್ತರವನ್ನು ಟರ್ಮಿನಲ್‌ನಲ್ಲಿ ತೋರಿಸುವ ಸಾಧನ) ನೋಡಿದರೆ ‘ಡಬ್ಬಿ’ ಬದಲು ಬ್ಯಾಕ್‌ಸ್ಲ್ಯಾಶ್, ಯು, ಅದರ ನಂತರ ಒಂದಿಷ್ಟು ಅಂಕಿ, ಇಂಗ್ಲಿಷ್ ಅಕ್ಷರ. ಜೆಸಾನ್ ಓದುವ ಪ್ರೋಗ್ರಾಂ ಅದನ್ನು ಮತ್ತೆ ಕನ್ನಡವಾಗಿಯೇ ಓದುತ್ತದೆ, ನಿಜ. ಆದರೂ ಪರೀಕ್ಷೆ ಮಾಡುವಾಗ ಕಣ್ಣಿಗೆ ಕನ್ನಡವೇ ಕಾಣಬೇಕು ಅಲ್ವಾ? ಆ್ಯಪ್.ಜೆಸಾನ್.ಎನ್‌ಶೂರ್_ಆಸ್ಕಿ ಎಂಬ ಸೆಟ್ಟಿಂಗ್‌ಗೆ ಫಾಲ್ಸ್ ಕೊಟ್ಟೆ, ಕನ್ನಡ ಅಕ್ಷರ ಬಂದವು. ಇನ್ನೊಂದು ಲಾಭವೂ ಇದೆ. ಆ ಅಂಕಿಯ ರೂಪದಲ್ಲಿ ಒಂದೊಂದು ಕೋಡ್‌ಪಾಯಿಂಟ್‌ಗೆ (ಅಕ್ಷರ ಅಥವಾ ಒತ್ತು-ಗುಣಿತ ಚಿಹ್ನೆಯ ಯೂನಿಕೋಡ್ ಸಂಖ್ಯೆ) 6 ಬೈಟ್ ಬೇಕು. ಅಕ್ಷರಗಳನ್ನು ನೇರವಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡಕ್ಕೆ 3 ಸಾಕು. ನೆಟ್‌ವರ್ಕ್ ಸರಿಯಾಗಿ ಸಿಗದ ಹೊಲದಲ್ಲಿ ನಿಂತು ದರ ನೋಡುವವರಿಗೆ ಇದು ಮುಖ್ಯ ಅಂತ ನನಗನ್ನಿಸುತ್ತದೆ. ಈ ಸೆಟ್ಟಿಂಗ್ ಫ್ಲಾಸ್ಕ್ 2.2ರಿಂದ ಇದೆ. ಇದೇ ಕೆಲಸದ ಹಳೆಯ ಸೆಟ್ಟಿಂಗ್ ಜೆಸಾನ್_ಆ್ಯಸ್_ಆಸ್ಕಿ 2.3ರಲ್ಲಿ ಹೋಗಿದೆ.

ದಿನಾಂಕದ ಕಡೆಗೂ ಗಮನ ಇರಲಿ. ಡೇಟ್ ಆಬ್ಜೆಕ್ಟನ್ನು ಹಾಗೇ ಕೊಟ್ಟರೆ ಫ್ಲಾಸ್ಕ್ ಅದನ್ನು ವಾರದ ಹೆಸರು, ಜಿಎಂಟಿ ಸಮೇತ ಉದ್ದ ಸಾಲು ಮಾಡುತ್ತದೆ. ಐಸೋಫಾರ್ಮ್ಯಾಟ್ ಹಾಕಿ, ವರ್ಷ-ತಿಂಗಳು-ದಿನ ರೂಪದಲ್ಲಿ ಕಳಿಸುತ್ತಿದ್ದೇನೆ. ಪೈಥಾನ್‌ನ ಡೆಸಿಮಲ್ ಸಂಖ್ಯೆ ಕೂಡ ಸ್ಟ್ರಿಂಗ್ (ಪಠ್ಯ) ಆಗಿಬಿಡುತ್ತದೆ, ಹಾಗಾಗಿ ಕ್ವಿಂಟಲ್ ದರವನ್ನು ಪೂರ್ಣ ಸಂಖ್ಯೆಯಲ್ಲೇ ಇಟ್ಟಿದ್ದೇನೆ.

ಇಲ್ಲದ ತಳಿಯ ಹೆಸರು ಕೇಳಿದರೆ ಡಿಕ್ಷನರಿಯ ಜೊತೆ 404 (ಸಿಗಲಿಲ್ಲ ಎಂಬ ಕೋಡ್) ಸೇರಿಸಿ ಕಳಿಸುತ್ತೇನೆ. ಅದೂ ಜೆಸಾನ್ ಆಗಿಯೇ ಹೋಗುತ್ತಿದೆ.